ನಾಣ್ಯದ ಮೈಕಾಂತಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡದ ಪಂಡಿತನೊಬ್ಬನು ನಾಣ್ಯಗಳ ವಿಷಯವನ್ನು ಕುರಿತು ಮಾತನಾಡುತ್ತಾನೆಂದಾಗ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಆದರೆ ನಮ್ಮ ಭಾಷೆಯೇ ಈ ವಿಷಯಕ್ಕೆ ಬಾಗಿಲು ತೆರೆದುಕೊಟ್ಟಿದೆ. ‘ನಾಣ್ಯ’ವೆಂದರೆ ಕನ್ನಡದಲ್ಲಿ ಹಣದ ಬಿಲ್ಲೆ ಮಾತ್ರವಲ್ಲ, ನಾಣ್ಯವಾದ ಸರಕೆಂದರೆ ಉತ್ತಮವಾದ ಸರಕು, ನಾಣ್ಯಸ್ಥನೆಂದರೆ ನಂಬತಕ್ಕ ಮನುಷ್ಯ. ಟಂಕಸಾಲೆಗೆ ‘ಕಮ್ಮಟ’ವೆಂಬ ಅಚ್ಚ ಹಳೆಯ ಮಾತಿದೆ. ಹೊಸ ಪದವನ್ನು ‘ಟಂಕಿಸುತ್ತೇವೆ’. ಬಳಸಿ ಬಳಸಿ ಸಪ್ಪೆಯಾದ ಮಾತನ್ನು ‘ಸವಕಲು ನಾಣ್ಯ’ವೆನ್ನುತ್ತೇವೆ. ಹೀಗೆ ಮಾತಿನಲ್ಲಿ ಇಷ್ಟು ಬೇರೂರಿರುವ ವಸ್ತುವನ್ನು ಕಣ್ಣಿನಿಂದ ಸರಿಯಾಗಿ ನೋಡಲು ಕಲಿಯುವುದು ಭಾಷಾಭಿಮಾನಿಗಳಿಗೆ ಅನುಚಿತವಾಗಲಾರದು.

ನಾನು ಇಂದು ಹೇಳಬೇಕೆಂದಿರುವುದು ನಾಣ್ಯಶಾಸ್ತ್ರದ ಇಡೀ ವಿಸ್ತಾರವನ್ನಲ್ಲ. ಅದರ ಒಂದು ಚಿಕ್ಕ ಅಂಗವನ್ನು ಮಾತ್ರ. ಸಂಗ್ರಹಕ್ಕಾಗಿ ಇಡುವ ಆಧುನಿಕ ನಾಣ್ಯಗಳ ಮೇಲ್ಮೈಯಲ್ಲಿ ಬಗೆಬಗೆಯ ಕಾಂತಿಗಳುಂಟು. ಅವು ಯಾವುವು, ಹೇಗೆ ಉಂಟಾಗುತ್ತವೆ, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಹೇಗೆ ಎಂಬುದೇ ಇಂದಿನ ವಿಷಯ.

ಇದು ನಮ್ಮ ಬೆಟ್ಟಕ್ಕೆ ದೂರದ ಮಾತಲ್ಲ. ಹುಲಿ ಯೋಜನೆಯು 1973ರಲ್ಲಿ ಆರಂಭವಾಯಿತಷ್ಟೆ. ಅದಕ್ಕೆ ಐವತ್ತು ವರ್ಷ ತುಂಬಿದಾಗ, 2023ರ ಏಪ್ರಿಲ್ 9ರಂದು, ಪ್ರಧಾನಮಂತ್ರಿಗಳು ಬಂಡೀಪುರವನ್ನೂ ಮಸಿನಗುಡಿಗೆ ಸಮೀಪದ ತೆಪ್ಪಕಾಡಿನ ಆನೆಶಿಬಿರವನ್ನೂ ಸಂದರ್ಶಿಸಿ, ಅದೇ ದಿನ ಮೈಸೂರಿನಲ್ಲಿ ಐವತ್ತು ರೂಪಾಯಿಯ ಸ್ಮಾರಕ ನಾಣ್ಯವೊಂದನ್ನು ಬಿಡುಗಡೆ ಮಾಡಿದರು. ಅಂದಿನಿಂದ ನಮ್ಮ ಮಕ್ಕಳಲ್ಲಿ ಅನೇಕರಿಗೆ ‘ಹುಲಿನಾಣ್ಯ’ದ ಮೇಲೆ ಆಸೆ ಹುಟ್ಟಿತು. ಹಿರಿಯರ ಪೆಟ್ಟಿಗೆಗಳಲ್ಲಿ 1969ರ ಗಾಂಧಿ ಶತಾಬ್ದಿಯ ಹತ್ತು ರೂಪಾಯಿ, 1995ರ ವಿಶ್ವ ತಮಿಳು ಸಮ್ಮೇಳನದ ತಿರುವಳ್ಳುವರ್ ನಾಣ್ಯ, 2006ರ ಬಸವೇಶ್ವರರ ನಾಣ್ಯ ಮುಂತಾದುವು ಅಲ್ಲಲ್ಲಿ ದೊರೆಯುತ್ತವೆ. ಆಸೆಯಿರುವಲ್ಲಿ ವ್ಯಾಪಾರವೂ, ವ್ಯಾಪಾರವಿರುವಲ್ಲಿ ಮೋಸವೂ ಬರುವುದು ಲೋಕರೂಢಿ. ಆದುದರಿಂದ ತಿಳಿವಳಿಕೆಯ ಅಗತ್ಯವಿದೆ.

ಮೊದಲು ನಾಣ್ಯವು ಹುಟ್ಟುವ ಬಗೆಯನ್ನು ನೋಡೋಣ. ಹದಿನೇಳನೆಯ ಶತಮಾನದಲ್ಲಿ, ಎಂದರೆ 1638ರಿಂದ 1659ರ ವರೆಗೆ, ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯಿ ಹಣವೆಂಬುದು ಅರ್ಧ ಗ್ರಾಮಿಗೂ ಕಡಮೆ ತೂಗುವ ಚಿನ್ನದ ಪುಟ್ಟ ಬಿಲ್ಲೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಚಿನ್ನ. ಮೇಲಿಂದ ಸುತ್ತಿಗೆಯ ಪೆಟ್ಟು. ಇಂದಿನ ಯಂತ್ರದ ಕಮ್ಮಟದಲ್ಲಿಯೂ ತತ್ತ್ವವು ಅದೇ. ಲೋಹದ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು, ಸುತ್ತಲೂ ಒಂದು ಬಳೆಯಿಂದ ಬಂಧಿಸಿ, ಬಹು ದೊಡ್ಡ ಒತ್ತಡವನ್ನು ಹಾಕುತ್ತಾರೆ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗುತ್ತದೆ. ಅಚ್ಚಿನಲ್ಲಿ ಉಬ್ಬಾಗಿರುವುದು ನಾಣ್ಯದಲ್ಲಿ ತಗ್ಗಾಗುತ್ತದೆ. ಈ ಒಂದು ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಅಸಲಿಯನ್ನೂ ನಕಲಿಯನ್ನೂ ಬೇರ್ಪಡಿಸುವಾಗ ಇದೇ ನಮಗೆ ಒರೆಗಲ್ಲು.

ನಾಣ್ಯದ ಮೈಕಾಂತಿಯು ಮೂರು ಸಂಗತಿಗಳನ್ನು ಅವಲಂಬಿಸಿದೆ: ಅಚ್ಚನ್ನು ಹೇಗೆ ಸಿದ್ಧಗೊಳಿಸಿದರು, ಬಿಲ್ಲೆಯನ್ನು ಹೇಗೆ ಸಿದ್ಧಗೊಳಿಸಿದರು, ಎಷ್ಟು ಸಲ ಒತ್ತಿದರು. ಬಹುಮಟ್ಟಿಗೆ ಈ ಮೂರೂ ನಾಣ್ಯವು ಕಮ್ಮಟದಿಂದ ಹೊರಬೀಳುವ ಮೊದಲೇ ಮುಗಿದುಹೋಗುವ ಕಾರ್ಯಗಳು. ಆಮೇಲೆ ಮನೆಯಲ್ಲಿ ನಾವು ಉಜ್ಜಿ, ತೊಳೆದು, ತಿಕ್ಕಿ ಕೊಡುವ ಹೊಳಪು ಈ ಕಾಂತಿಯ ಜಾತಿಗೆ ಸೇರಿದುದಲ್ಲ. ನನ್ನ ಇಡೀ ಭಾಷಣದ ಸಾರವು ಇಷ್ಟೆ.

ಈಗ ಒಂದೊಂದು ಬಗೆಯನ್ನಾಗಿ ತೆಗೆದುಕೊಳ್ಳೋಣ.

ಮೊದಲನೆಯದು ಚಲಾವಣೆಗಾಗಿ ಅಚ್ಚಾದ ಸಾಮಾನ್ಯ ನಾಣ್ಯ. ಇದನ್ನು ಅತಿ ವೇಗದ ಯಂತ್ರಗಳಲ್ಲಿ ಒಂದೇ ಒತ್ತಿಗೆ ಮಾಡಿ ಚೀಲಗಳಿಗೆ ತುಂಬುತ್ತಾರೆ. ಒತ್ತಡಕ್ಕೆ ಸಿಕ್ಕ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹಾಗೆ ಹರಿದ ಗುರುತಾಗಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಅಚ್ಚಿನಲ್ಲಿಯೂ ನಾಣ್ಯದಲ್ಲಿಯೂ ಮೂಡುತ್ತವೆ. ಒಳ್ಳೆಯ ಹೊಸ ನಾಣ್ಯವನ್ನು ಒಂದೇ ದೀಪದ ಕೆಳಗೆ ಹಿಡಿದು ಮೆಲ್ಲಗೆ ಓಲಿಸಿದರೆ, ಗಾಡಿಯ ಗಾಲಿಯ ಅರಗಳಂತೆ ಬೆಳಕಿನ ಪಟ್ಟಿಗಳು ನಾಣ್ಯದ ಮೇಲೆ ಸುತ್ತುತ್ತವೆ. ಇದನ್ನು ‘ಚಕ್ರಕಾಂತಿ’ಯೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ನಾಣ್ಯವು ಕೈಯಿಂದ ಕೈಗೆ ಹೋದಂತೆ ಮೊದಲು ಉಬ್ಬುಚಿತ್ರದ ಎತ್ತರದ ಜಾಗಗಳಲ್ಲಿ, ಅಂದರೆ ಕೆನ್ನೆ, ಹುಬ್ಬು, ಸಿಂಹದ ಕೇಸರ ಮುಂತಾದ ಎಡೆಗಳಲ್ಲಿ ಈ ಗೆರೆಗಳು ಸವೆದು ಕಾಂತಿಯು ಮುರಿಯುತ್ತದೆ. ಸುತ್ತುವ ಬೆಳಕು ಎಲ್ಲಿಯೂ ಕಡಿಯದೆ ಉಬ್ಬಿನ ಮೇಲೂ ಹತ್ತಿ ಇಳಿದರೆ ಆ ನಾಣ್ಯವು ಬಳಕೆಗೆ ಸಿಕ್ಕಿಲ್ಲವೆಂದು ತಿಳಿಯತಕ್ಕದ್ದು.

ಇಲ್ಲಿ ನಮ್ಮ ಊರಿನವರಿಗೆ ಒಂದು ಸೂಚನೆ. ಉದಕಮಂಡಲದ ಮಂಜು ಮುಸುಕಿದ ಹಗಲಿನಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಸಮನಾಗಿ ಬೀಳುತ್ತದೆ. ಅಂಥ ಬೆಳಕಿನಲ್ಲಿ ಚಕ್ರಕಾಂತಿಯು ಕಾಣದು, ಗೀರುಗಳೂ ಕಾಣವು. ಅಂಗಡಿಯ ಉದ್ದನೆಯ ಕೊಳವೆದೀಪವೂ ಹಾಗೆಯೆ. ಒಂದೇ ಕಡೆಯಿಂದ ಬೀಳುವ ಚಿಕ್ಕ ದೀಪ, ಐದರಿಂದ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಅವಸರವಿಲ್ಲದ ಮನಸ್ಸು — ಈ ಮೂರು ಇದ್ದರೆ ಸಾಕು.

ಎರಡನೆಯದು ‘ಪ್ರೂಫ್’ ಎಂದು ಪ್ರಸಿದ್ಧವಾದ ಬಗೆ. ಮುದ್ರಣಾಲಯದಲ್ಲಿ ಪುಸ್ತಕವನ್ನು ಅಚ್ಚು ಹಾಕುವ ಮೊದಲು ತಿದ್ದಲು ತೆಗೆಯುವ ಕರಡು ಪ್ರತಿಗೂ ಇದೇ ಹೆಸರಲ್ಲವೆ? ನಾಣ್ಯದಲ್ಲಿಯೂ ಅಚ್ಚು ಸರಿಯಾಗಿದೆಯೇ ಎಂದು ನೋಡಲು ತೆಗೆದ ಪರೀಕ್ಷೆಯ ಪ್ರತಿಗೆ ಈ ಹೆಸರು ಬಂದಿತು. ಕ್ರಮೇಣ ಅದು ಸಂಗ್ರಾಹಕರಿಗಾಗಿ ವಿಶೇಷ ಶ್ರದ್ಧೆಯಿಂದ ಮಾಡಿದ ನಾಣ್ಯದ ಹೆಸರಾಯಿತು. ಆದರೆ ಒಂದು ವ್ಯತ್ಯಾಸವುಂಟು: ಮುದ್ರಣದ ಕರಡು ತಪ್ಪುಗಳ ಬೀಡು, ನಾಣ್ಯದ ಪ್ರೂಫ್ ಅಚ್ಚುಕಟ್ಟಿನ ಪರಾಕಾಷ್ಠೆ. ಇದಕ್ಕೆ ಅಚ್ಚಿನ ಬಯಲುಭಾಗವನ್ನು ಕನ್ನಡಿಯಂತೆ ನಯಗೊಳಿಸುತ್ತಾರೆ, ಬಿಲ್ಲೆಯನ್ನೂ ನಯಗೊಳಿಸುತ್ತಾರೆ, ನಿಧಾನವಾದ ಯಂತ್ರದಲ್ಲಿ ಎರಡು ಅಥವಾ ಹೆಚ್ಚು ಸಲ ಒತ್ತುತ್ತಾರೆ, ಕೈಗವಸು ತೊಟ್ಟು ಒಂದೊಂದನ್ನೇ ತೆಗೆದು ಸಂಪುಟದಲ್ಲಿಡುತ್ತಾರೆ. ಅಚ್ಚಿನ ತಗ್ಗುಗಳನ್ನು, ಅಂದರೆ ನಾಣ್ಯದಲ್ಲಿ ಉಬ್ಬಾಗಿ ಬರುವ ಚಿತ್ರದ ಭಾಗವನ್ನು, ಸೂಕ್ಷ್ಮವಾದ ಕಣಗಳನ್ನು ಊದಿ ಅಥವಾ ಈಚಿನ ಕಾಲದಲ್ಲಿ ಲೇಸರ್ ಕಿರಣದಿಂದ ತರಿತರಿಯಾಗಿಸುತ್ತಾರೆ. ಆಗ ನಾಣ್ಯದ ಬಯಲು ಕನ್ನಡಿಯಾಗಿಯೂ ಚಿತ್ರವು ಬಿಳುಪಾಗಿಯೂ ಕಾಣುತ್ತದೆ.

ಇದನ್ನು ಮನಸ್ಸಿಗೆ ತಂದುಕೊಳ್ಳಲು ಬೆಟ್ಟದವರಾದ ನಮಗೆ ಕಷ್ಟವಿಲ್ಲ. ಚಳಿಗಾಲದ ಮುಂಜಾನೆ ತಲೈಕುಂದದ ಹುಲ್ಲುಗಾವಲಿನ ಮೇಲೆ ಬಿಳಿಯ ಹಿಮವು ಹೆಪ್ಪುಗಟ್ಟಿರುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಕೆರೆಯ ನೀರು ಕನ್ನಡಿಯಂತೆ ನಿಶ್ಚಲವಾಗಿರುತ್ತದೆ. ಹುಲ್ಲಿನ ಹಿಮವು ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುವುದರಿಂದ ಯಾವ ಕಡೆಯಿಂದ ನೋಡಿದರೂ ಬಿಳುಪು. ನೀರು ಬೆಳಕನ್ನು ಒಂದೇ ದಿಕ್ಕಿಗೆ ಹಿಂತಿರುಗಿಸುವುದರಿಂದ ಒಂದು ಕೋನದಲ್ಲಿ ಕಪ್ಪು, ಇನ್ನೊಂದು ಕೋನದಲ್ಲಿ ಝಗಝಗ. ಪ್ರೂಫ್ ನಾಣ್ಯದಲ್ಲಿ ಕೆರೆಯೂ ಹಿಮವೂ ಒಂದೇ ಬಿಲ್ಲೆಯ ಮೇಲೆ ಸೇರಿವೆ. ‘ಕನ್ನಡಿಮೈ’, ‘ಹಿಮಮೈ’ ಎಂಬ ಮಾತುಗಳನ್ನು ಇವುಗಳಿಗೆ ನಾವು ಧಾರಾಳವಾಗಿ ಬಳಸಬಹುದೆಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಗಣರಾಜ್ಯದ ಮೊದಲ ವರ್ಷವಾದ 1950ರಲ್ಲಿಯೇ ಮುಂಬಯಿ ಟಂಕಸಾಲೆಯು ಪ್ರೂಫ್ ನಾಣ್ಯಗಳನ್ನು ತಯಾರಿಸಿತು. 1964ರಲ್ಲಿ ಜವಾಹರಲಾಲ ನೆಹರು ಅವರ ಸ್ಮರಣೆಯ ನಾಣ್ಯದಿಂದ ಸ್ವತಂತ್ರ ಭಾರತದ ಸ್ಮಾರಕ ನಾಣ್ಯಗಳ ಪರಂಪರೆಯು ಆರಂಭವಾಯಿತು. 1969ರ ಗಾಂಧಿ ಶತಾಬ್ದಿಯ ಹತ್ತು ರೂಪಾಯಿಯು ಶೇಕಡ 80 ಬೆಳ್ಳಿಯ, 15 ಗ್ರಾಂ ತೂಕದ ನಾಣ್ಯ. ಅದು ಸಾಮಾನ್ಯವಾಗಿಯೂ ಅಚ್ಚಾಯಿತು, ಪ್ರೂಫಾಗಿಯೂ ಅಚ್ಚಾಯಿತು. ಎರಡರಲ್ಲಿಯೂ ಒಂದೇ ಮುಖ, ಒಂದೇ ಬೆಳ್ಳಿ. ಮೈ ಮಾತ್ರ ಬೇರೆ. 2010ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಸಹಸ್ರಮಾನೋತ್ಸವಕ್ಕೆ ಹೊರಟ ಸಾವಿರ ರೂಪಾಯಿಯ ನಾಣ್ಯವು 35 ಗ್ರಾಂ ತೂಗುತ್ತದೆ. 44 ಮಿಲಿಮೀಟರ್ ಅಗಲವಿದೆ. ಇಂಥ ದೊಡ್ಡ ನಾಣ್ಯಗಳಲ್ಲಿ ಬಯಲು ವಿಶಾಲವಾಗಿರುವುದರಿಂದ ಮೈಕಾಂತಿಯ ಭೇದವನ್ನು ಕಲಿಯಲು ಬಹಳ ಅನುಕೂಲ.

ಪ್ರೂಫನ್ನು ಗುರುತಿಸುವ ಲಕ್ಷಣಗಳು ಹೀಗಿವೆ. ನಾಣ್ಯದ ಬಳಿ ಅಚ್ಚಾದ ಕಾಗದವನ್ನು ಹಿಡಿದರೆ ಬಯಲಿನಲ್ಲಿ ಅಕ್ಷರಗಳು ತಲೆಕೆಳಗಾದರೂ ಸ್ಪಷ್ಟವಾಗಿ ಪ್ರತಿಬಿಂಬಿಸಬೇಕು. ಅಂಚು ಚೂಪಾಗಿ, ಮೂಲೆಗಟ್ಟಿ ನಿಂತಿರಬೇಕು. ಅಕ್ಷರದ ಪಾದವು ಬಯಲನ್ನು ಸೇರುವ ಎಡೆಯು ಚಾಕುವಿನಿಂದ ಕೊರೆದಂತೆ ಖಂಡಿತವಾಗಿರಬೇಕು. ಚಿತ್ರದ ಅತಿ ಸಣ್ಣ ವಿವರವೂ ತುಂಬಿ ಬಂದಿರಬೇಕು. ಮುಂಬಯಿಯ ಪ್ರೂಫುಗಳಲ್ಲಿ ಮೊದಲು ‘ಬಿ’ ಅಕ್ಷರವನ್ನೂ ಆಮೇಲೆ ‘ಎಂ’ ಅಕ್ಷರವನ್ನೂ ಕಮ್ಮಟದ ಗುರುತಾಗಿ ಹಾಕಿದ್ದುಂಟು; ಚಲಾವಣೆಯ ನಾಣ್ಯಗಳಲ್ಲಿ ಮುಂಬಯಿಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಗೆ ಚುಕ್ಕೆ; ಕೋಲ್ಕತ್ತಕ್ಕೆ ಗುರುತಿಲ್ಲ. ಗುರುತು ಸಹಾಯಕ ಮಾತ್ರ. ಕೊನೆಯ ತೀರ್ಪನ್ನು ಕೊಡತಕ್ಕದ್ದು ಮೈಯೇ.

ಮೂರನೆಯದಾಗಿ ಬರುವ ಒಂದು ಗೊಂದಲವನ್ನು ಬಿಡಿಸಬೇಕಾಗಿದೆ. ನಮ್ಮ ಸರಕಾರದ ಟಂಕಸಾಲೆಗಳು ಸ್ಮಾರಕ ನಾಣ್ಯಗಳನ್ನು ಪ್ರೂಫ್ ಎಂದೂ ‘ಅನ್‌ಸರ್ಕ್ಯುಲೇಟೆಡ್’, ಅಂದರೆ ಬಳಕೆಯಾಗದುದು, ಎಂದೂ ಎರಡು ಬಗೆಯ ಪೆಟ್ಟಿಗೆಗಳಲ್ಲಿ ಮಾರುತ್ತವೆ. ಅನೇಕರು ಇವೆರಡನ್ನೂ ಒಂದೇ ಏಣಿಯ ಎರಡು ಮೆಟ್ಟಲುಗಳೆಂದು ಭಾವಿಸುತ್ತಾರೆ. ಹಾಗಲ್ಲ. ಪ್ರೂಫ್ ಎಂಬುದು ತಯಾರಿಕೆಯ ರೀತಿಯನ್ನು ಹೇಳುವ ಮಾತು; ಬಳಕೆಯಾಗದುದೆಂಬುದು ಸ್ಥಿತಿಯನ್ನು ಹೇಳುವ ಮಾತು. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ, ಒಂದು ಧಾತು, ಇನ್ನೊಂದು ಕಾಲ. ಪ್ರೂಫ್ ನಾಣ್ಯವನ್ನು ಜೇಬಿನಲ್ಲಿಟ್ಟು ವರ್ಷಗಟ್ಟಲೆ ತಿರುಗಿದರೂ ಅದು ಹುಟ್ಟಿನಿಂದ ಪ್ರೂಫೇ, ಕೆಟ್ಟ ಪ್ರೂಫು. ಸಾಮಾನ್ಯ ನಾಣ್ಯವನ್ನು ಎಷ್ಟೇ ಜೋಪಾನವಾಗಿಟ್ಟರೂ ಅದು ಪ್ರೂಫಾಗದು. ಅಮೆರಿಕದ ವಿಲಿಯಂ ಷೆಲ್ಡನ್ ಎಂಬವರು 1949ರಲ್ಲಿ ಪ್ರಕಟಿಸಿದ ಒಂದರಿಂದ ಎಪ್ಪತ್ತರ ವರೆಗಿನ ಅಂಕಗಳ ಕ್ರಮವು ಇಂದು ಲೋಕಪ್ರಸಿದ್ಧವಾಗಿದೆ; ಅದರಲ್ಲಿ ಅರುವತ್ತರಿಂದ ಮೇಲಿನವು ಬಳಕೆಯಾಗದ ನಾಣ್ಯಗಳು. ಈ ಅಂಕಗಳು ಸ್ಥಿತಿಯನ್ನು ಅಳೆಯುತ್ತವೆ. ತಯಾರಿಕೆಯ ರೀತಿಯನ್ನು ಬೇರೆಯಾಗಿಯೇ ಬರೆಯುತ್ತಾರೆ.

ಇವೆರಡರ ನಡುವೆ ನಿಂತು ಕಣ್ಣನ್ನು ವಂಚಿಸುವ ಒಂದು ಬಗೆಯುಂಟು. ಹೊಸದಾಗಿ ನಯಗೊಳಿಸಿದ ಅಚ್ಚಿನಿಂದ ಹೊರಬಂದ ಮೊದಲ ಕೆಲವು ಸಾಮಾನ್ಯ ನಾಣ್ಯಗಳು ಕನ್ನಡಿಯನ್ನು ಹೋಲುತ್ತವೆ. ಇವು ಪ್ರೂಫಿನಂತೆ ಕಾಣುವ ನಾಣ್ಯಗಳು, ಪ್ರೂಫಲ್ಲ. 1878ರಿಂದ 1921ರ ವರೆಗೆ ಅಚ್ಚಾದ ಅಮೆರಿಕದ ಮಾರ್ಗನ್ ಡಾಲರುಗಳಲ್ಲಿ ಇಂಥವು ಪ್ರಸಿದ್ಧ. ಇವುಗಳಲ್ಲಿ ಬಯಲು ಹೊಳೆದರೂ ಅಂಚು ದುಂಡಗಿರುತ್ತದೆ. ಚೀಲದಲ್ಲಿ ಒಂದಕ್ಕೊಂದು ತಾಗಿದ ಗಾಯಗಳಿರುತ್ತವೆ. ಒಂದೇ ಒತ್ತಿನ ಕಾರಣದಿಂದ ಚಿತ್ರವು ಪೂರ್ಣವಾಗಿ ತುಂಬಿರುವುದಿಲ್ಲ. ತುಕ್ಕು ಹಿಡಿಯದ ಉಕ್ಕಿನ ನಮ್ಮ ನಾಣ್ಯಗಳ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಆ ಉಕ್ಕಿನಲ್ಲಿರುವ ಕ್ರೋಮಿಯಂ ಕಾರಣವಾಗಿ ಅದು ಸುಲಭವಾಗಿ ಮಂಕಾಗದು. ವರ್ಷಗಳ ತರುವಾಯವೂ ಥಳಥಳಿಸುತ್ತದೆ. ಆ ಥಳಕು ಲೋಹದ್ದು, ಕಮ್ಮಟದ ವಿಶೇಷ ಶ್ರಮದ್ದಲ್ಲ.

ಪರದೇಶಗಳ ಇತರ ಬಗೆಗಳನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕದ ಸಂದರ್ಭದಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಪ್ರೂಫುಗಳು ಹೊಳಪೇ ಇಲ್ಲದ ಮಾಸಲು ಮೈಯವು. ಪ್ರೂಫೆಂದರೆ ಕನ್ನಡಿಯೇ ಆಗಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಅವು ಸಾಕ್ಷಿ. ಅಮೆರಿಕದ ಬೆಳ್ಳಿಯ ಹದ್ದಿನ ನಾಣ್ಯವು 2006ರಲ್ಲಿ ‘ವಿಪರೀತ ಪ್ರೂಫ್’ ಆಗಿ ಬಂದಿತು. ಅದರಲ್ಲಿ ಬಯಲು ಹಿಮಮೈ, ಚಿತ್ರವು ಕನ್ನಡಿಮೈ. ಅದೇ ದೇಶವು 2005ರಿಂದ 2010ರ ವರೆಗೆ ಸಂಗ್ರಾಹಕರ ಪೆಟ್ಟಿಗೆಗಳಲ್ಲಿ ರೇಶಿಮೆಯಂಥ ಮೃದುವಾದ ಮೈಯ ನಾಣ್ಯಗಳನ್ನಿಟ್ಟಿತು. ಅದರಲ್ಲಿ ಕನ್ನಡಿಯೂ ಇಲ್ಲ, ಸುತ್ತುವ ಚಕ್ರವೂ ಇಲ್ಲ. ಸಮವಾದ ಮೆಲುಬೆಳಕು ಮಾತ್ರ.

ಇನ್ನು ಮೋಸದ ಮಾತು. ಸಾಮಾನ್ಯವಾದ ಒಂದು ನಾಣ್ಯವನ್ನು ಉಜ್ಜುವ ಚಕ್ರಕ್ಕೆ ಹಿಡಿದು ಹೊಳಪೇರಿಸಿ, ಅಥವಾ ಅದರ ಮೇಲೆ ನಿಕ್ಕಲ್ಲಿನ ಲೇಪವನ್ನು ಕೊಟ್ಟು, ಚೆಂದದ ಸಂಪುಟದಲ್ಲಿಟ್ಟು ಪ್ರೂಫೆಂದು ಮಾರುವವರಿದ್ದಾರೆ. ನಮ್ಮ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳು ಕೂಡಿಟ್ಟ ಹಣವನ್ನೆಲ್ಲ ಕೊಟ್ಟು ಸಂತೆಯ ವ್ಯಾಪಾರಿಯೊಬ್ಬನಿಂದ ಗಾಂಧಿ ಶತಾಬ್ದಿಯ ‘ಪ್ರೂಫ್’ ನಾಣ್ಯವನ್ನು ಕೊಂಡು ಶಾಲೆಗೆ ತಂದನು. ದೀಪದ ಕೆಳಗೆ ಭೂತಗನ್ನಡಿಯಿಟ್ಟು ಅವನ ಕೈಯಿಂದಲೇ ಪರೀಕ್ಷೆ ಮಾಡಿಸಿದೆ. ಕೂದಲೆಳೆಯಂಥ ಗೀರುಗಳು ಬಯಲಿನಲ್ಲಿ ಹೊರಟು, ಗಾಂಧೀಜಿಯವರ ಕೆನ್ನೆಯನ್ನು ಹತ್ತಿ, ಆಚೆಯ ಬಯಲಿಗೆ ಇಳಿದಿದ್ದುವು. ಅವನು ಒಂದು ಮಾತನ್ನೂ ಆಡಲಿಲ್ಲ. ಸಂತೆಗೆ ಹೋಗಿ ಹುಡುಕಿದಾಗ ಆ ವ್ಯಾಪಾರಿಯೂ ಇರಲಿಲ್ಲ.

ಆ ಗೀರುಗಳು ಹೇಗೆ ಸಾಕ್ಷಿ ನುಡಿದುವೆಂಬುದನ್ನು ಎಲ್ಲರೂ ತಿಳಿದಿರಬೇಕು. ಮೊದಲು ಹೇಳಿದ ಒರೆಗಲ್ಲನ್ನು ಈಗ ಬಳಸೋಣ. ಕಮ್ಮಟದಲ್ಲಿ ಅಚ್ಚನ್ನು ನಯಗೊಳಿಸುವಾಗ ಅಚ್ಚಿನ ಮೇಲೆ ಗೀರು ಬಿದ್ದರೆ ಅದು ಅಚ್ಚಿನಲ್ಲಿ ತಗ್ಗು. ಆದುದರಿಂದ ನಾಣ್ಯದಲ್ಲಿ ಉಬ್ಬಿದ ಗೆರೆಯಾಗಿ ಬರುತ್ತದೆ. ಅಚ್ಚಿನಲ್ಲಿ ಚಿತ್ರವು ಗುಳಿಯೊಳಗಿರುವುದರಿಂದ ನಯಗೊಳಿಸುವ ಸಾಧನವು ಅಲ್ಲಿಗೆ ಇಳಿಯದು. ಆದುದರಿಂದ ನಾಣ್ಯದಲ್ಲಿ ಆ ಗೆರೆಯು ಚಿತ್ರದ ಅಂಚಿಗೆ ಬಂದು ನಿಂತುಬಿಡುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ನಾಣ್ಯವನ್ನೇ ಉಜ್ಜಿದಾಗ ಬಿದ್ದ ಗೀರು ತಗ್ಗಾಗಿರುತ್ತದೆ. ಬಯಲು, ಚಿತ್ರ, ಅಕ್ಷರವೆಂಬ ಭೇದವಿಲ್ಲದೆ ಎಲ್ಲವನ್ನೂ ದಾಟಿ ಓಡುತ್ತದೆ. ಉಬ್ಬಿದ ಗೆರೆ ಚಿತ್ರದ ಬಳಿ ನಿಂತಿದ್ದರೆ ಅದು ಕಮ್ಮಟದ ಕೆಲಸ. ತಗ್ಗಿದ ಗೀರು ಚಿತ್ರವನ್ನು ದಾಟಿದ್ದರೆ ಅದು ಕಮ್ಮಟದಿಂದ ಹೊರಬಂದ ಮೇಲಿನ ಕೈಚಳಕ. ಇದಕ್ಕಿಂತ ಸುಲಭವೂ ದೃಢವೂ ಆದ ಪರೀಕ್ಷೆ ನಮ್ಮಂಥವರಿಗೆ ಇನ್ನೊಂದಿಲ್ಲ. ಜೊತೆಗೆ, ಉಜ್ಜಿದ ನಾಣ್ಯದಲ್ಲಿ ಅಕ್ಷರಗಳ ಭುಜಗಳು ಕರಗಿದಂತೆ ದುಂಡಗಾಗಿರುತ್ತವೆ. ಲೇಪ ಕೊಟ್ಟ ನಾಣ್ಯದಲ್ಲಿ ಅಕ್ಷರಗಳ ಸಂದುಗಳು ತುಂಬಿಕೊಂಡಿರುತ್ತವೆ. ಎರಡರಲ್ಲಿಯೂ ಹಿಮಮೈ ಇರುವುದಿಲ್ಲ.

ಮೋಸಗಾರನು ಹಣಕ್ಕಾಗಿ ಮಾಡುವ ಕೆಲಸವನ್ನು ನಾವು ಭಕ್ತಿಯಿಂದ ಮಾಡುತ್ತೇವೆಂಬುದು ಇನ್ನೂ ದುಃಖದ ಸಂಗತಿ. ಹಬ್ಬ ಬಂದಿತೆಂದರೆ ಹಿತ್ತಾಳೆಯ ದೀಪ, ತಾಮ್ರದ ಚೊಂಬುಗಳೊಡನೆ ಅಜ್ಜನ ಪೆಟ್ಟಿಗೆಯ ಬೆಳ್ಳಿಯ ರೂಪಾಯಿಗಳಿಗೂ ಹುಣಸೆಹಣ್ಣು, ವಿಭೂತಿಗಳ ಸ್ನಾನ! ಚೊಂಬಿಗೆ ಅದು ಸರಿ, ನಾಣ್ಯಕ್ಕೆ ಸಲ್ಲದು. ಬೆಳ್ಳಿಯು ಗಾಳಿಯಲ್ಲಿರುವ ಗಂಧಕದ ಅಂಶದೊಡನೆ ಸೇರಿ ಮೇಲೆ ತೆಳುವಾದ ಕಪ್ಪು ಪದರವನ್ನು ಪಡೆಯುತ್ತದೆ. ಉಜ್ಜಿದಾಗ ಆ ಪದರದೊಡನೆ ಚಕ್ರಕಾಂತಿಯ ಸೂಕ್ಷ್ಮ ಗೆರೆಗಳೂ ಹೋಗುತ್ತವೆ. ಕಪ್ಪಾದ ನಾಣ್ಯವನ್ನು ಸಂಗ್ರಾಹಕನು ಸಂತೋಷದಿಂದ ಕೊಳ್ಳುತ್ತಾನೆ. ಉಜ್ಜಿದುದಕ್ಕೆ ಅನೇಕ ವೇಳೆ ಬರಿಯ ಬೆಳ್ಳಿಯ ಬೆಲೆಯನ್ನು ಹೇಳುತ್ತಾನೆ. ಕಷ್ಟಕಾಲಕ್ಕೆ ಆಗಲೆಂದು ಹಿರಿಯರು ಇಟ್ಟುಹೋದ ಗಂಟಿನ ಬೆಲೆಯನ್ನು ಮನೆಯವರೇ ಒಂದು ಮಧ್ಯಾಹ್ನದಲ್ಲಿ ತಗ್ಗಿಸಿದಂತಾಗುವುದಿಲ್ಲವೆ? ಹೋದ ಮೈಕಾಂತಿಯನ್ನು ಮತ್ತೆ ತರುವ ವಿದ್ಯೆಯು ಯಾರಲ್ಲಿಯೂ ಇಲ್ಲ.

ನಮ್ಮ ಹವೆಯಲ್ಲಿ ನಾಣ್ಯಗಳನ್ನು ಕಾಪಾಡುವ ಬಗೆಯನ್ನೂ ಹೇಳಿಬಿಡುತ್ತೇನೆ. ನೈರುತ್ಯ ಮಳೆಯ ತಿಂಗಳುಗಳಲ್ಲಿ ಗೂಡಲೂರಿನ ಕಡೆ ಗೋಡೆಯೂ ಬೆವರುತ್ತದೆ. ಉದಕಮಂಡಲದಲ್ಲಿ ಮಂಜು ಮನೆಯೊಳಕ್ಕೇ ಬರುತ್ತದೆ. ತೇವವು ತಾಮ್ರ ಬೆರೆತ ನಾಣ್ಯಗಳಿಗೆ ಹಸಿರು ಕಿಲುಬನ್ನು ತರುತ್ತದೆ. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳುಗಳ ಪೊಟ್ಟಣವನ್ನಿಟ್ಟು, ಆಗಾಗ ಅದನ್ನು ಬದಲಿಸಬೇಕು. ಮೆತ್ತಗೆ ಬಾಗುವ, ವಾಸನೆ ಬರುವ ಪಿ.ವಿ.ಸಿ. ಹಾಳೆಯ ಆಲ್ಬಮ್ಮುಗಳಲ್ಲಿ ನಾಣ್ಯಗಳನ್ನಿಡಬಾರದು. ಕಾಲಕ್ರಮದಲ್ಲಿ ಆ ಹಾಳೆಯಿಂದ ಒಸರುವ ದ್ರವ್ಯವು ನಾಣ್ಯಕ್ಕೆ ಹಸಿರು ಜಿಗಟನ್ನು ಅಂಟಿಸುತ್ತದೆ. ನಾಣ್ಯವನ್ನು ಅಂಚಿನಿಂದಲೇ ಹಿಡಿಯಬೇಕು. ಬೆರಳಿನ ಬೆವರು ಕನ್ನಡಿಮೈಯ ಮೇಲೆ ಬಿದ್ದರೆ ಅಚ್ಚಳಿಯದ ಗುರುತಾಗುತ್ತದೆ. ಪ್ರೂಫ್ ನಾಣ್ಯವನ್ನು ಸಂಪುಟದಿಂದ ಹೊರಗೆ ತೆಗೆಯದಿರುವುದೇ ಲೇಸು. ಅದರ ಮೇಲೆ ಬಾಗಿ ಮಾತನಾಡಬಾರದು. ಉಗುಳಿನ ಹನಿಯೂ ಕಲೆಯಾಗುತ್ತದೆ. ಭಾಷಣಕಾರರು ಇದನ್ನು ವಿಶೇಷವಾಗಿ ನೆನಪಿಡಬೇಕು!

ಕೊಳ್ಳುವವರಿಗೆ ಮೂರು ಮಾತು. ಹೊಸ ಸ್ಮಾರಕ ನಾಣ್ಯವು ಬೇಕಾದರೆ ಸರಕಾರದ ಟಂಕಸಾಲೆಯ ಮಾರಾಟದ ವ್ಯವಸ್ಥೆಯಿಂದಲೇ ತರಿಸಿಕೊಳ್ಳುವುದು ಕ್ಷೇಮ. ಹಳೆಯದನ್ನು ಕೊಳ್ಳುವಾಗ ಪೆಟ್ಟಿಗೆಯ ಅಂದವನ್ನೂ ಮಾರುವವನ ಮಾತನ್ನೂ ಬದಿಗಿಟ್ಟು ಮೈಯನ್ನು ನೋಡಬೇಕು. ದೀಪದ ಕೆಳಗೆ ನೋಡಲು ಬಿಡದವನಿಂದ ಕೊಳ್ಳಬಾರದು. ನಿಜವಾದ ಒಂದು ಸಾಮಾನ್ಯ ನಾಣ್ಯವನ್ನೂ ನಿಜವಾದ ಒಂದು ಪ್ರೂಫನ್ನೂ ಪಕ್ಕಪಕ್ಕದಲ್ಲಿ ನೋಡಿ ಕಣ್ಣನ್ನು ಪಳಗಿಸಿಕೊಳ್ಳಬೇಕು. ಬಸವೇಶ್ವರರ ನಾಣ್ಯವು 2006ರಲ್ಲಿ ಚಲಾವಣೆಯ ಐದು ರೂಪಾಯಿಯಾಗಿಯೂ ಸಂಗ್ರಾಹಕರ ನೂರು ರೂಪಾಯಿಯಾಗಿಯೂ ಹೊರಟಿತು. ಅವೆರಡನ್ನೂ ನಮ್ಮ ಸಂಘದ ಗ್ರಂಥಾಲಯದಲ್ಲಿ, ಒಂದು ದೀಪ ಮತ್ತು ಒಂದು ಭೂತಗನ್ನಡಿಯೊಡನೆ, ಮಕ್ಕಳ ಅಭ್ಯಾಸಕ್ಕಾಗಿ ಇಡಬೇಕೆಂದು ಅಧ್ಯಕ್ಷರಲ್ಲಿ ನನ್ನ ವಿನಂತಿ. ಸಂತೆಯಿಂದ ಬಂದ ಆ ಉಜ್ಜಿದ ನಾಣ್ಯವನ್ನೂ ಅವುಗಳ ಪಕ್ಕದಲ್ಲಿಡಲು ನಮ್ಮ ವಿದ್ಯಾರ್ಥಿಯು ಒಪ್ಪಿದ್ದಾನೆ. ಮೂರನ್ನೂ ಒಟ್ಟಿಗೆ ನೋಡಿದ ಮಗುವು ಮುಂದೆ ಸುಲಭವಾಗಿ ಮೋಸಹೋಗಲಾರದು.

ಚಕ್ರಕಾಂತಿ, ಕನ್ನಡಿಮೈ, ಹಿಮಮೈ, ಮಾಸಲುಮೈ, ರೇಶಿಮೆಮೈ — ಈ ಐದು ಮಾತುಗಳನ್ನು ಇಂದು ನಿಮ್ಮ ಮುಂದಿಟ್ಟಿದ್ದೇನೆ. ಇವುಗಳಿಗಿಂತ ಒಳ್ಳೆಯ ಮಾತುಗಳು ನಿಮ್ಮಲ್ಲಿ ಯಾರಿಗಾದರೂ ತೋಚಿದರೆ ತಿಳಿಸಬೇಕು, ಒಳ್ಳೆಯದು ಉಳಿಯಲಿ.